ಪಂಚೆಯ ಚೂರು, ಟೊಮೆಟೊ ಗಿಡ

ತೊಂಬತ್ತೊಂಬತ್ತನೇ ಇಸವಿಯ ಧನುರ್ಮಾಸ, ಬುಧವಾರ ಬೆಳಗಿನ ಎಂಟು ಗಂಟೆ. ಪಾಲಹಳ್ಳಿಯ ಗದ್ದೆಗಳ ಮೇಲೆ ಇನ್ನೂ ಮಂಜಿತ್ತು. ಪಕ್ಕದ ಹೊಲದ ಚಿಕ್ಕಸ್ವಾಮಿ ಬೆರಳಗಲದ ಬಟ್ಟೆ ಚೂರೊಂದನ್ನು ಹಿಡಿದು ನನ್ನತ್ತ ಓಡಿಬಂದ.

"ನಂಜಪ್ಪಣ್ಣ, ಮೇಡಮ್ಮನ ಗಿಡ ಯಾವನೋ ಕಿತ್ಬುಟ್ಟವ್ನೆ! ಬೇಲಿ ಮುಳ್ಗೆ ಅವನ ಪಂಚೆ ಸಿಕ್ಕೈತೆ, ನೋಡು!"

ಮೇಡಮ್ಮ ಎಂದರೆ ಮೈಸೂರಿನಲ್ಲಿ ಗಿಡಗಳ ರೋಗದ ಬಗ್ಗೆ ಓದುತ್ತಿದ್ದ ಪ್ರಮೀಳಾ. ಚಿಕ್ಕಸ್ವಾಮಿಯ ಟೊಮೆಟೊ ಹೊಲಕ್ಕೆ ಎಲೆ ಸುರುಟಿಸುವ ಮುಟುರು ರೋಗ ಬಿದ್ದಾಗ ಒಂದು ಗಿಡ ಮಾತ್ರ ತಾನಾಗಿ ಗುಣವಾಗಿತ್ತು. ಕೆಳಗಿನ ಎಲೆ ಸುರುಟಿದ್ದರೂ ಮೇಲಿನ ಎಲೆ ನೆಟ್ಟಗೆ. ಅಂಥದ್ದನ್ನು ಅವಳು ಎರಡು ವರ್ಷದಿಂದ ಹುಡುಕುತ್ತಿದ್ದಳು. ಗುರುವಾರ ಬಂದು ಒಯ್ಯುತ್ತೇನೆ, ಕಾಯಿರಿ ಎಂದಿದ್ದಳು. "ನನ್ ತಲೆ ಓದ್ರೂ ಗಿಡ ಓಗಾಕಿಲ್ಲ" ಎಂದು ಚಿಕ್ಕಸ್ವಾಮಿ ಮಾತು ಕೊಟ್ಟಿದ್ದ.

ಹಸಿರಂಚಿನ ಆ ಚೂರು ಹಿಡಿದು ಚಿಕ್ಕಸ್ವಾಮಿ ಊರೆಲ್ಲ ತಿರುಗಿದ. ಎದುರು ಸಿಕ್ಕವರ ಪಂಚೆ ಹಿಡಿದು ಅಂಚಿಗೆ ಅಂಚು ಕೂಡಿಸಿ ನೋಡುವುದು. ನನ್ನದನ್ನೂ ನೋಡಿದ. ಟೊಮೆಟೊ ತುಂಬಲು ಟೆಂಪೊ ತಂದ ಶಹಾಬುದ್ದೀನನನ್ನೂ ಬಿಡಲಿಲ್ಲ.

"ಅರೆ ಅಣ್ಣಾ, ನಂದು ಚೌಕುಳಿ ಲುಂಗಿ! ಬೀದೀಲಿ ಹಿಂಗೆ ಎಳೆದ್ರೆ ನನ್ನ ಇಜ್ಜತ್ ಏನಾಗ್ಬೇಕು?"

"ಸುಮ್ಕಿರ್ಲಾ, ಒಳಗಡೆ ಮಡಿಕೇಲಿ ಇದ್ರೂ ಇರ್ಬೈದು."

ಗುರುವಾರ ಪ್ರಮೀಳಾ ಬಂದಳು. ಬರೀ ಗುಳಿ ಕಂಡು ಬದುವಿನ ಮೇಲೆ ಕೂತು ಅತ್ತಳು. ಚಿಕ್ಕಸ್ವಾಮಿ ಚೂರು ತೋರಿಸಿ ತಾನು ಹುಡುಕಿದ ಬಗೆ ಹೇಳಿದ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ನಿಮ್ಮ ಗಿಡಾನೂ ಇದನ್ನೇ ಮಾಡಿದ್ದು, ಅಣ್ಣ. ಒಳಗೆ ಬಂದ ವೈರಸ್ಸನ್ನ ಚೂರು ಮಾಡುತ್ತೆ. ಆ ಚೂರಿಗೆ ಸಣ್ಣ ಆರ್‌ಎನ್‌ಎ ಅಂತೀವಿ. ಗಿಡದ ಯಾವುದೋ ಪ್ರೋಟೀನು ಅದನ್ನ ಹಿಡ್ಕೊಂಡು, ಅದಕ್ಕೆ ಹೊಂದೋ ವೈರಸ್ಸು ಎಲ್ಲಿ ಸಿಕ್ಕಿದ್ರೂ ಕತ್ತರಿಸುತ್ತೆ ಅಂತ ನಮ್ಮ ಅಂದಾಜು. ಚೂರಿನ ಗುರುತು ಅದಕ್ಕೆ ಹೇಗೆ ಸಿಗುತ್ತೆ ಅಂತ ನೋಡ್ಬೇಕಿತ್ತು."

"ತಪ್ ಮಾಡಾಕಿಲ್ವ ಅದು?"

"ಮಾಡುತ್ತೆ. ಒಂದೊಂದು ಸಲ ತನ್ನದೇ ಚೂರು ಹಿಡ್ಕೊಂಡು ತನ್ನ ಹೂವಿನ ಬಣ್ಣಾನೇ ಅಳಿಸ್ಬಿಡುತ್ತೆ."

ಕಾಫಿ ತಂದಿದ್ದ ಚಿಕ್ಕಸ್ವಾಮಿಯ ಹೆಂಡತಿ ದ್ಯಾವಮ್ಮ ಗಂಡನ ಬೆನ್ನ ಹಿಂದೆಯೇ ನಿಂತುಬಿಟ್ಟಳು.

"ಅಯ್ಯೋ ನಿಮ್ಮನೆ ಕಾಯೋಗ! ಕೊಡಿಲ್ಲಿ ಆ ಚೂರ!"

ಚೂರನ್ನು ಗಂಡನ ಬೆನ್ನ ಹಿಂದಿನ ಕಚ್ಚೆಯ ಹರಿದ ತುದಿಗೆ ಹಿಡಿದಳು. ಒಂದೆಳೆ ದಾರವೂ ಆಚೀಚೆ ಆಗದಂತೆ ಕೂತಿತು.

ಚಿಕ್ಕಸ್ವಾಮಿ ಮಂಗಳವಾರ ತಾನೇ ಸಾಲಿನಲ್ಲಿ ನಡೆಯುತ್ತಾ ಮುಟುರು ಬಿದ್ದ ಗಿಡಗಳನ್ನು ಕಿತ್ತು ಬೇಲಿಯಾಚೆಯ ತಿಪ್ಪೆಗೆ ಎಸೆದಿದ್ದ. ಮೂವತ್ತು ವರ್ಷದ ರೂಢಿ. ಈ ಗಿಡದ ಕೆಳಗಿನ ಸುರುಟಿದ ಎಲೆ ಕಂಡಾಗಲೂ ಕೈ ತಾನಾಗಿ ಹೋಗಿತ್ತು.

"ನಂಜಪ್ಪಣ್ಣ, ನೀನಾದ್ರೂ ಯೋಳ್ಬಾರ್ದಾ?"

"ನೀನು ಎದುರ್ಗೇ ಬಂದು ನನ್ ಪಂಚೆ ಇಡ್ಕತಿದ್ದೆ ಕಣ್ಲಾ. ನಿನ್ ಇಂದೆ ಯಾರ್ ನೋಡಿದ್ರು?"

ಎಲ್ಲರೂ ತಿಪ್ಪೆಗೆ ಓಡಿದೆವು. ಒದ್ದೆ ಹುಲ್ಲಿನಡಿ, ಬೇರಿನ ಮಣ್ಣೂ ಉದುರದೆ ಗಿಡ ಬಿದ್ದಿತ್ತು. ಮೇಲಿನ ಎಲೆ ಬಾಡಿದ್ದರೂ ಹಸಿರಿತ್ತು. ದ್ಯಾವಮ್ಮ ಅದನ್ನು ತೂತು ಬಿದ್ದ ಹಾಲಿನ ಕ್ಯಾನಿನಲ್ಲಿ ನೆಟ್ಟು ನೀರು ಹನಿಸಿದಳು. ಚೂರನ್ನೂ ನೆನಪಿಗೆ ಕೊಡಿ ಎಂದು ಪ್ರಮೀಳಾ ಕೇಳಿದರೆ, "ಪಂಚೆಗೆ ಒಲಿಯೋಕ್ ಬೇಕು ಕಣವ್ವ" ಎಂದು ದ್ಯಾವಮ್ಮ ಸೆರಗಿಗೆ ಗಂಟು ಹಾಕಿಕೊಂಡಳು.

ಗಿಡ ಊರು ಬಿಟ್ಟದ್ದು ಅದೇ ಗುರುವಾರ, ನಾಲ್ಕು ಗಂಟೆಯ ಮೈಸೂರು ಬಸ್ಸಿನಲ್ಲಿ, ಪ್ರಮೀಳಾಳ ತೊಡೆಯ ಮೇಲೆ ಕೂತು.