ನೀರಿನಡಿ ಪರವಾಗಿಲ್ಲ ಇಲ್ಲ

ದಿನಕ್ಕೆ ಹತ್ತು ಸಲ ‘ಪರವಾಗಿಲ್ಲ’ ಅನ್ನದಿದ್ದರೆ ಗೋಪಾಲರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿಲ್ಲವೇ, ಪರವಾಗಿಲ್ಲ. ಟೆಲಿಕಾಂ ಕಂಪನಿಯವರು ಎರಡೇ ವರ್ಷಕ್ಕೆಂದು ಮೈಸೂರಿನಿಂದ ನೈರೋಬಿಗೆ ಕಳಿಸಿ, ಹದಿನಾಲ್ಕು ವರ್ಷವಾದರೂ ವಾಪಸು ಕರೆಸುವುದನ್ನು ಮರೆತೇಬಿಟ್ಟರೇ, ಅದೂ ಪರವಾಗಿಲ್ಲ. ಈಚೆಗೆ ಲ್ಯಾವಿಂಗ್ಟನ್ ಬಡಾವಣೆಯ ಮನೆಯ ಮೂರನೇ ಮಹಡಿ ಹತ್ತುವಷ್ಟರಲ್ಲಿ ಎದೆ ಬಿಗಿದುಕೊಳ್ಳುತ್ತಿತ್ತು. ನಡುವೆ ನಿಂತು ಫೋನು ನೋಡುವ ನಾಟಕವಾಡಿ ಸುಧಾರಿಸಿಕೊಳ್ಳುತ್ತಿದ್ದರು. “ಯಾಕ್ರೀ, ಮುಖ ಹಿಂಗಾಗಿದೆ?” ಎಂದು ಹೆಂಡತಿ ಲೀಲಾ ಕೇಳಿದರೆ ಅದೇ ಉತ್ತರ, ಜೊತೆಗೆ ಅಂಗೈಯನ್ನು ಆಚೀಚೆ ಹೊರಳಿಸುವ ಅದೇ ಅಭ್ಯಾಸ. ಮನುಷ್ಯ ಸುಸ್ತಾಗಿದ್ದ. ಹಾಗಂತ ಹೇಳುವುದಕ್ಕೂ ಸುಸ್ತು.

ಮಗಳು ಅನಘಾ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವವರಿಗೆ ಗೈಡ್ ಆಗಬೇಕೆಂದು ಎರಡು ವರ್ಷ ಬೆವರು ಹರಿಸಿದ್ದಳು. ಕೊನೆಯ ಪರೀಕ್ಷೆಯೊಂದೇ ಬಾಕಿ. ಹೊಸಬನೊಬ್ಬನನ್ನು ಆಳದ ಹೊಂಡಕ್ಕಿಳಿಸಿ, ಸುತ್ತಾಡಿಸಿ, ಮೇಲೆ ತರಬೇಕು. ಬರಬೇಕಿದ್ದ ಹೊಸಬ ಹಿಂದಿನ ದಿನವೇ ಜ್ವರ ಅಂತ ಕೈಕೊಟ್ಟ. ಪರೀಕ್ಷೆ ಮಾಡುವ ವಲೇರಿಯನ್ ಎರಡು ದಿನದಲ್ಲಿ ಮಂಗಳೂರಿಗೆ ಹೊರಟವರು, ಇನ್ನು ಆರು ತಿಂಗಳು ಸಿಗುವವರಲ್ಲ. ಮಗಳ ಮುಖ ನೋಡಲಾಗದೆ ಗೋಪಾಲ್, “ನಾನೇ ಬರ್ತೀನಿ ಬಿಡು,” ಅಂದರು. ಹೋದ ವರ್ಷ ಅವಳ ಕಾಟಕ್ಕೆ ಪಾರ್ಕ್‌ಲ್ಯಾಂಡ್ಸಿನ ಈಜುಕೊಳದಲ್ಲಿ ಅವರೂ ಸಿಲಿಂಡರ್ ಕಟ್ಟಿ ಇಳಿಯುವುದನ್ನು ಕಲಿತಿದ್ದರು. ಈ ಸಲ ತುಂಬಬೇಕಿದ್ದ ಆರೋಗ್ಯದ ಫಾರಮ್ಮಿನಲ್ಲಿ, ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆಯೇ ಅಂತ ಕೇಳಿತ್ತು. ಇಲ್ಲ ಅಂತ ಗುರುತು ಹಾಕಿದರು. ಸುಳ್ಳು ಬರೆಯಲು ಎಷ್ಟು ಹೊತ್ತು ಬೇಕು!

ಹೊಂಡ ನೈರೋಬಿಯಿಂದ ಎರಡು ಗಂಟೆಯ ದಾರಿ. ಒಳಗೊಳಗೇ ಕರಗಿ ಟೊಳ್ಳಾಗಿದ್ದ ನೆಲ ಯಾವುದೋ ಕಾಲದಲ್ಲಿ ಕುಸಿದು, ಸಿಹಿನೀರು ತುಂಬಿ ನಿಂತಿದೆ.

“ಇನ್ನೊಮ್ಮೆ ಹೇಳ್ತೇನೆ ಗೋಪಾಲ್ ಸಾರ್,” ಅಂದರು ವಲೇರಿಯನ್. “ಕೆಳಗೆ ಬಾಯಿ ಇಲ್ಲ, ಕೈ ಮಾತ್ರ ಉಂಟು. ಬೆರಳಲ್ಲಿ ಉಂಗುರ ಮಾಡಿದ್ರೆ ಎಲ್ಲ ಸರಿ. ಅಂಗೈ ಹೀಗೆ ಹೊರಳಿಸಿದ್ರೆ ಏನೋ ತೊಂದರೆ. ಹೆಬ್ಬೆರಳು ಎತ್ತಿದ್ರೆ ಮೇಲೆ ಹೋಗುವ. ಗೊತ್ತಾಯ್ತಲ್ಲ?”

“ಗೊತ್ತಾಯ್ತು.”

ಮೂವರೂ ಹಗ್ಗ ಹಿಡಿದು ಇಳಿದರು. ಹದಿನೈದು ಮೀಟರಿಗೆ ಬೆಳಕು ಹಸಿರಾಯಿತು. ತಣ್ಣಗಿನ ನೀರು, ಸದ್ದಿಲ್ಲ, ಯಾರ ಫೋನೂ ಇಲ್ಲ. ಇಲ್ಲೇ ಮಲಗಿಬಿಡೋಣವೇ ಅನ್ನಿಸಿತು ಗೋಪಾಲರಿಗೆ. ಆಗಲೇ ಎದೆ ಬಿಗಿಯಿತು. ಮೆಟ್ಟಿಲಿನ ಬಿಗಿತವೇ, ಆದರೆ ನಿಂತು ನೋಡಲು ಇಲ್ಲಿ ಫೋನಿರಲಿಲ್ಲ. ಇನ್ನು ಹತ್ತು ನಿಮಿಷ ತಡೆದರೆ ಮಗಳು ಗೆಲ್ಲುತ್ತಾಳೆ, ತಡೆಯೋ ಮಾರಾಯ, ಎಂದು ತಮಗೆ ತಾವೇ ಹೇಳಿಕೊಂಡರು.

ಅನಘಾ ತಿರುಗಿ ಉಂಗುರ ತೋರಿಸಿದಳು. ಸರಿಯಿದ್ದೀಯಾ ಅಂತ ಪ್ರಶ್ನೆ. ಗೋಪಾಲರ ಕೈ ಎದ್ದಿತು, ಅಂಗೈ ಆಚೀಚೆ ಹೊರಳಿತು. ಪರವಾಗಿಲ್ಲ.

ಅವಳು ಕ್ಷಣವೂ ಯೋಚಿಸಲಿಲ್ಲ. ಹೆಬ್ಬೆರಳೆತ್ತಿ, ಅವರ ಸಿಲಿಂಡರಿನ ಪಟ್ಟಿ ಹಿಡಿದು ನಿಧಾನಕ್ಕೆ ಮೇಲೇರತೊಡಗಿದಳು. ಗೋಪಾಲ್ ಗಾಬರಿಯಾಗಿ ಒಂದಲ್ಲ ಮೂರು ಸಲ ಉಂಗುರ ಮಾಡಿದರು. ಅವಳು ಕೈ ನೋಡಲೇ ಇಲ್ಲ, ಕನ್ನಡಕದ ಹಿಂದಿನ ಕಣ್ಣನ್ನೇ ನೋಡುತ್ತಿದ್ದಳು.

ದಡಕ್ಕೆ ಬಂದವರೇ ಗೋಪಾಲ್ ಸಿಡುಕಿದರು. “ಪರವಾಗಿಲ್ಲ ಅಂದೆ ಕಣೇ ನಾನು! ಪರೀಕ್ಷೆ ಹಾಳು ಮಾಡ್ಕೊಂಡ್ಯಲ್ಲ.”

ವಲೇರಿಯನ್ ಅವರಿಗೆ ಆಮ್ಲಜನಕದ ಮುಖವಾಡ ತೊಡಿಸುತ್ತ, “ಅರ್ಧಕ್ಕೆ ನಿಂತದ್ದನ್ನು ಪಾಸು ಅಂತ ಬರೀಲಿಕ್ಕೆ ಆಗುದಿಲ್ಲ ಅನಘಾ. ಇನ್ನು ನಾನು ಬಂದ ಮೇಲೆಯೇ,” ಅಂದರು.

“ಐ ನೋ, ಅಂಕಲ್,” ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ಮನೆಯಲ್ಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ತಡವರಿಸುತ್ತ ಕನ್ನಡದಲ್ಲಿ ಹೇಳಿದಳು. “ನೀರೊಳಗೆ ಪರವಾಗಿಲ್ಲ ಇಲ್ಲ ಅಪ್ಪಾ. ಸರಿ ಇದೆ, ಇಲ್ಲಾ ಸರಿ ಇಲ್ಲ. ಅಷ್ಟೇ.”

ವಾಪಸು ಅನಘಾಳೇ ಕಾರು ಓಡಿಸಿದಳು. ಕಾರು ಲ್ಯಾವಿಂಗ್ಟನ್ನಿಗೆ ತಿರುಗದೆ ನೇರ ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಗೆ ಹೋಯಿತು. ಮಟಾಟು ವ್ಯಾನುಗಳ ಹಾರ್ನಿನ ನಡುವೆ ಗೋಪಾಲ್ ಒಮ್ಮೆ “ಪರವಾಗಿಲ್ಲ, ಮನೆಗೇ ಹೋಗೋಣ,” ಅಂದು ನೋಡಿದರು. ಅವಳು ಕೇಳಿಸಿಕೊಳ್ಳದವಳಂತೆ ಗೇರು ಬದಲಿಸಿದಳು.

ನರ್ಸಮ್ಮ ನಗುನಗುತ್ತ “ಹಬಾರಿ?” ಅಂದಳು, ಹೇಗಿದ್ದೀರಿ ಅಂತ. ಹದಿನಾಲ್ಕು ವರ್ಷದಿಂದ ವಾಚ್‌ಮನ್ನಿಗೂ ತರಕಾರಿಯವಳಿಗೂ ಗೋಪಾಲ್ ಕೊಟ್ಟ ಉತ್ತರ ಒಂದೇ, ‘ಸವಾ’, ಅಂದರೆ ಎಲ್ಲ ಸರಿ. ಅದು ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಅನಘಾ ಒದ್ದೆ ಕೂದಲಿನಲ್ಲಿ, ಎರಡು ವರ್ಷದ ದುಡಿಮೆಯನ್ನು ಹೊಂಡದಲ್ಲೇ ಬಿಟ್ಟುಬಂದು ಕೂತಿದ್ದಳು.

ಗೋಪಾಲ್ ಅಂಗೈಯನ್ನು ಮೆಲ್ಲಗೆ ಆಚೀಚೆ ಹೊರಳಿಸಿದರು. ನರ್ಸಮ್ಮನಿಗೆ ತಿಳಿಯಲಿಲ್ಲ.

“ಸರಿ ಇಲ್ಲ,” ಅಂದರು, ಕನ್ನಡದಲ್ಲೇ. “ಎದೆ ಹಿಡ್ಕೊಳತ್ತೆ. ಎರಡು ತಿಂಗಳಾಯ್ತು.”

ಅನಘಾ ಅದನ್ನು ಸ್ವಾಹಿಲಿಯಲ್ಲಿ ಹೇಳಲು ಹೊರಟು, ಎರಡು ತಿಂಗಳು ಅನ್ನುವಲ್ಲಿಗೆ ಬಂದು ಅಪ್ಪನ ಕಡೆ ತಿರುಗಿಬಿಟ್ಟಳು. “ಟೂ ಮಂತ್ಸ್?”