ಮಲಗುವ ಕೋಣೆಯ ಕೆಳಗಿನ ಅಡುಗೆಕಟ್ಟೆ

2004ರ ಮಾರ್ಚ್ 6, ಶನಿವಾರ, ಬೆಳಿಗ್ಗೆ ಹತ್ತು ನಲವತ್ತು. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದ ಡಾಕ್ಟರ್ ಸುಚೇತಾ ಮನೆಗೂ ಹೋಗದೆ ಶೆಫೀಲ್ಡ್‌ನ ಲೋಹದ ವರ್ಕ್‌ಶಾಪಿಗೆ ಬಂದಿದ್ದಳು. ಹೊಸ ಅಡುಗೆಕಟ್ಟೆಗೆ ತಗಡು ಆರಿಸಬೇಕಿತ್ತು. ಗಂಡ ಅಭಯ್ ಮನೆಯಿಂದ ತಂದ ಹುಣಸೆರಸವನ್ನು ಮೂರು ಬಗೆಯ ತಗಡಿನ ತುಂಡುಗಳ ಮೇಲೆ ಹನಿಸಿ ಕಾದ. ಸತುವಿಗೆ ಕಲೆ ಬಿತ್ತು, ತಾಮ್ರ ಹನಿ ಬಿದ್ದಲ್ಲಿ ಮಾತ್ರ ಹೊಳೆಯಿತು, ಸ್ಟೀಲ್ ಇದ್ದ ಹಾಗೇ ಇತ್ತು.

"ಸ್ಟೀಲೇ ಸರಿ ಕಣೇ. ಯಾವ ಹುಳಿಗೂ ಜಗ್ಗಲ್ಲ."

"ಹುಳಿ ಇರಲಿ. ನಿಮ್ಮಮ್ಮ ಪಾತ್ರೆ ಇಟ್ಟಾಗಲೆಲ್ಲ ಢಣ್ ಅಂದ್ರೆ? ಹಗಲು ಅದರ ಮೇಲಿನ ಕೋಣೇಲಿ ಮಲಗೋಳು ನಾನು."

ಅವಳು ಸ್ಟೀಲ್ ತಗಡಿನ ಮೇಲೆ ಚಮಚ ಬೀಳಿಸಿದಳು. ತಗಡು ಗಂಟೆಯಂತೆ ಮೊಳಗಿತು. ಕೆಲಸಗಾರ ನಕ್ಕು, ತಗಡಿನ ಕೆಳಗೆ ಪ್ಲೈವುಡ್ ಇಟ್ಟ. ಸುಚೇತಾ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಅಭಯ್ ಚಮಚ ಬೀಳಿಸಿದ.

"ಕೇಳಿಸ್ತಾ?"

"ಕೇಳಿಸ್ತು. ಇನ್ನೂ ದಪ್ಪದ್ದು ಇಡಿಸು."

ಕೆಲಸಗಾರ ಹಲಗೆ ಬದಲಿಸಿದ. ಅಭಯ್ ಮತ್ತೆ ಚಮಚ ಬೀಳಿಸಿದ.

"ಈಗ?"

ಗೋಡೆಗೆ ತಲೆ ಆನಿಸಿ ಅವಳು ನಿದ್ದೆ ಹೋಗಿದ್ದಳು. ಅಭಯ್ ಸದ್ದಿಲ್ಲದೆ ಆ ಹಲಗೆಯನ್ನೇ ತೋರಿಸಿದ. ಕೆಲಸಗಾರ ಅಳೆದ: ಇಪ್ಪತ್ತೈದು ಮಿಲಿಮೀಟರ್.