ಪಟಾಕಿಯ ಮಾತು, ನನ್ನ ಕೈ

ನಮ್ಮ ಗಾಯಕನಿಗೆ ಜನ ಇಟ್ಟ ಹೆಸರು ಪಟಾಕಿ. ಎರಡು ಹಾಡಿನ ನಡುವೆ ನೀರು ಕುಡಿದು ಸುಮ್ಮನಿರುವ ಜಾಯಮಾನ ಅವನದಲ್ಲ. ಮದುವೆಯನ್ನೂ ಲೈಸೆನ್ಸಿನಂತೆ ಆಗಾಗ ರಿನ್ಯೂ ಮಾಡಿಸಬೇಕು ಎಂದು ಒಮ್ಮೆ ಹೇಳಿದ. ಅರ್ಧ ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ಎದ್ದು ನಿಂತು ಬೈದರು. ಅಕ್ಕಪಕ್ಕ ಕೂತಿದ್ದ ಗಂಡ ಹೆಂಡತಿ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದದ್ದನ್ನು ನಾನೇ ಕಂಡಿದ್ದೇನೆ.

ವೇದಿಕೆಯ ಎಡಮೂಲೆಯಲ್ಲಿ ಕಪ್ಪು ಅಂಗಿ ತೊಟ್ಟು, ಜನರಿಗೆ ಮುಖ ಮಾಡಿ ನಿಂತು, ಅವನು ಹಾಡಿದ್ದನ್ನೂ ಆಡಿದ್ದನ್ನೂ ಕಿವಿ ಕೇಳಿಸದವರಿಗೆ ಸನ್ನೆ ಭಾಷೆಯಲ್ಲಿ ಹೇಳುವುದು ನನ್ನ ಕೆಲಸ. ಅದರಲ್ಲಿ ಉಪ್ಪು ಖಾರ ಹಚ್ಚುವಂತಿಲ್ಲ, ಬೆಣ್ಣೆ ಸವರುವಂತೆಯೂ ಇಲ್ಲ. ಅವನು 'ನಾನು' ಅಂದರೆ ನನ್ನ ಬೆರಳು ನನ್ನ ಎದೆಯನ್ನೇ ಮುಟ್ಟಬೇಕು. ಕೇಳಿಸದವರು ಯಾರಾದರೂ ಸನ್ನೆಯಲ್ಲಿ ಮಾತಾಡಿದರೆ, ಅವರ 'ನಾನು' ನನ್ನ ಗಂಟಲಿನಿಂದ ಮೈಕಿಗೆ ಬರಬೇಕು.

ಮೊದಲ ಸಾಲಿನಲ್ಲಿ, ನನ್ನ ಎದುರಿಗೇ, ಅಮ್ಮ ಕೂರುತ್ತಿದ್ದಳು. ಅವಳಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಒಂದು ಕಾರ್ಯಕ್ರಮವನ್ನೂ ತಪ್ಪಿಸಿದವಳಲ್ಲ. ಅವಳಿಗೆ ಹಾಡು ತಲುಪಿಸಬೇಕೆಂದೇ ನಾನು ಈ ಕೆಲಸ ಹಿಡಿದದ್ದು. ರಾಗ ಎಳೆದಾಗ ತೋಳು ಹೇಗೆ ಏಳಬೇಕು, ತಾಳ ಭುಜಕ್ಕೆ ಹೇಗೆ ಇಳಿಯಬೇಕು ಎಂದು ಕನ್ನಡಿಯ ಮುಂದೆ ಬೆವರು ಸುರಿಸಿದ್ದೇನೆ. ಅಮ್ಮನ ಕಣ್ಣು ನನ್ನ ಮೇಲಿಂದ ಕದಲುತ್ತಿರಲಿಲ್ಲ. ಅವಳಿಗೆ ನಿಜಕ್ಕೂ ಏನು ಸಿಗುತ್ತಿದೆ ಎಂಬ ಕುತೂಹಲ ನನಗೆ ಬೆಟ್ಟದಷ್ಟಿತ್ತು, ಕೇಳಲು ಮಾತ್ರ ಧೈರ್ಯವಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಒಂದು ಹಾಡು ಮುಗಿಸಿ ಪಟಾಕಿ ನನ್ನ ಕಡೆ ಕೈ ತೋರಿಸಿದ.

"ಈ ಹುಡುಗಿ ಒಳ್ಳೇ ಕೆಲಸಗಾರ್ತಿ. ಆದ್ರೂ ಹೇಳ್ಬಿಡ್ತೀನಿ. ಹಾಡಿಗೆ ಸನ್ನೆ ಮಾಡೋದು ಬರೀ ತೋರಿಕೆ. ಕೇಳಿಸದೇ ಇರೋರಿಗೆ ಇದ್ರಿಂದ ಏನೂ ಸಿಗಲ್ಲ. ನಾವು ಎಷ್ಟು ಒಳ್ಳೆಯವರು ಅಂತ ನಮ್ಮ ಬೆನ್ನು ನಾವೇ ತಟ್ಕೊಳ್ಳೋಕೆ ಇದು. ನಾನಂತೂ ಇದನ್ನ ನಿಲ್ಲಿಸ್ಬೇಕು ಅಂತೀನಿ."

ನನಗೆ ಮೈಯೆಲ್ಲ ಉರಿಯಿತು. 'ಏನೂ ಸಿಗಲ್ಲ' ಎಂಬುದನ್ನು 'ಕಡಿಮೆ ಸಿಗುತ್ತೆ' ಎಂದು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಅಮ್ಮನಿಗೆ ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ. ಅವನು ಹೇಳಿದಂತೆಯೇ ಹೇಳಿದೆ, ಕೊನೆಗೆ ನನ್ನ ಎದೆಯನ್ನೇ ಮುಟ್ಟಿಕೊಂಡು.

ಸಭೆ ಇಬ್ಭಾಗವಾಯಿತು. "ಕ್ಷಮೆ ಕೇಳು" ಎಂದು ಹಿಂದಿನ ಸಾಲಿನವರು ಕೂಗಿದರು, "ಇರೋದನ್ನೇ ಹೇಳಿದ್ದಾನೆ" ಎಂದು ಬಾಲ್ಕನಿಯವರು. ಅಷ್ಟರಲ್ಲಿ ಅಮ್ಮ ಎದ್ದು ಕೈ ಎತ್ತಿದಳು. ಗದ್ದಲ ತಣ್ಣಗಾಯಿತು. ಇವತ್ತು ಇವನ ಚಳಿ ಬಿಡಿಸುತ್ತಾಳೆ ಎಂದು ಒಳಗೊಳಗೇ ಹಿಗ್ಗುತ್ತಾ ನಾನು ಮೈಕ್ ತೆಗೆದುಕೊಂಡೆ.

ಅಮ್ಮನ ಕೈ ಆಡಿತು, ನನ್ನ ಬಾಯಿ ಹೇಳಿತು: "ಇವರು ಹೇಳಿದ್ದು ನಿಜ. ನನ್ನ ಮಗಳು ಎಷ್ಟೇ ಕೈ ಆಡಿಸಿದ್ರೂ ನನಗೆ ಹಾಡು ಸಿಕ್ಕಿಲ್ಲ."

ಕ್ಷಮೆ ಕೇಳು ಎಂದು ಕೂಗಿದವರೆಲ್ಲ ತಲೆ ತಗ್ಗಿಸಿದರು.

ಪಟಾಕಿ ಗೆದ್ದೆನೆಂದು ಬೀಗಬಹುದಿತ್ತು. ಬೀಗಲಿಲ್ಲ. ವೇದಿಕೆಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತು, "ಮತ್ತೆ ಯಾಕಮ್ಮ ಪ್ರತಿ ಸಲ ಬರ್ತೀರ?" ಎಂದ. ದನಿಯಲ್ಲಿ ಕೊಂಕಿರಲಿಲ್ಲ, ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಆ ಪ್ರಶ್ನೆಯನ್ನು ಅಮ್ಮನಿಗೆ ದಾಟಿಸುವಾಗ, ಕೇಳುತ್ತಿರುವುದು ನಾನೇ ಅನಿಸಿತು.

ಅಮ್ಮ ನಕ್ಕಳು. "ನಿಮ್ಮ ಮಾತಿಗೆ ಜನ ಉರ್ಕೊಳ್ಳೋದನ್ನ ನೋಡೋದು ಮಜಾ, ಅದು ಬೇರೆ ವಿಷಯ," ಎಂದು ಅವಳ ಪರವಾಗಿ ಹೇಳಿದೆ. ಜನರೂ ನಕ್ಕರು. ಅವಳ ಕೈ ನಿಲ್ಲಲಿಲ್ಲ. "ಮನೇಲಿ ಇವಳು ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ಎರಡು ಸನ್ನೆ ಮಾಡಿ ತನ್ನ ಕೋಣೆ ಸೇರ್ಕೋತಾಳೆ. ಇಲ್ಲಿ ಮಾತ್ರ ಇಡೀ ಮಧ್ಯಾಹ್ನ ನನ್ನ ಮುಖ ನೋಡ್ಕೊಂಡು ಮಾತಾಡ್ತಾಳೆ. ಅದಕ್ಕೆ ಬರ್ತೀನಿ."

ಕಿಕ್ಕಿರಿದ ಸಭಾಂಗಣಕ್ಕೆ ಅದನ್ನು ನಾನೇ ಹೇಳಿದೆ. ಹೇಳಿ, ಮೈಕ್ ಕೆಳಗಿಟ್ಟು, ಅಮ್ಮನನ್ನು ನೋಡಿದೆ. ಅವಳು ಕಾಯುತ್ತಿದ್ದಳು. ನನ್ನದೇ ಮಾತು ಹೇಳಲು ಕೈ ಏಳಲಿಲ್ಲ.